ರೈಫಲ್ ಗುರಿ ಹೊಂದಾಣಿಕೆ ಮತ್ತು ತೋಟಾಗಳ ವ್ಯತ್ಯಾಸ: ಹುಬ್ಬಳ್ಳಿ–ಧಾರವಾಡ

ರೈಫಲ್ಲಿನ ಗುರಿಸಾಧನ ತೋರಿಸುವ ಬಿಂದುವೂ ಗುಂಡು ಹೋಗಿ ತಾಗುವ ಬಿಂದುವೂ ಒಂದು ಗೊತ್ತಾದ ದೂರದಲ್ಲಿ ಕೂಡುವಂತೆ ಸರಿಪಡಿಸುವುದೇ ಗುರಿ ಹೊಂದಾಣಿಕೆ. ಪೊಲೀಸ್ ಮೈದಾನದಲ್ಲಿ, ಎನ್‌ಸಿಸಿ ಶಿಬಿರದಲ್ಲಿ, ಶೂಟಿಂಗ್ ರೇಂಜಿನಲ್ಲಿ ಎಲ್ಲ ಕಡೆ ಬಳಕೆಯ ಮಾತು ‘ಝೀರೋಯಿಂಗ್’ ಅಥವಾ ‘ಝೀರೋ ಮಾಡುವುದು’. ‘ಈ ರೈಫಲ್ ಝೀರೋ ಆಗಿದೆ’ ಎಂದು ಯಾರಾದರೂ ಹೇಳಿದರೆ ಅದು ಅರ್ಧ ಮಾತು. ಯಾವ ತೋಟಾಕ್ಕೆ, ಎಷ್ಟು ದೂರಕ್ಕೆ, ಯಾವ ಭಂಗಿಯಲ್ಲಿ, ಯಾರ ಕೈಯಲ್ಲಿ ಎಂಬುದೂ ಸೇರಿದಾಗಲೇ ಅದು ಪೂರ್ತಿಯಾಗುತ್ತದೆ. ಈ ನಾಲ್ಕರಲ್ಲಿ ಹೆಚ್ಚಾಗಿ ಮರೆತುಹೋಗುವುದು ತೋಟಾ.

ಹುಬ್ಬಳ್ಳಿ–ಧಾರವಾಡದಲ್ಲಿ ಈ ಕೆಲಸ ನಡೆಯುವ ರೀತಿ ಸಿನಿಮಾದಲ್ಲಿ ನೋಡಿದಂತಲ್ಲ. ನಳಿಗೆಯ ಮೇಲೆ ಕೂರಿಸುವ ದೂರದರ್ಶಕ ಸ್ಕೋಪ್ ಇಲ್ಲಿ ಕಾಣಸಿಗುವುದೇ ಅಪರೂಪ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಒಲಿಂಪಿಕ್ ಮಾದರಿಯ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅವಕಾಶವಿಲ್ಲ. ಸಣ್ಣ ರಂಧ್ರದ ಹಿಂಗುರಿ ಮತ್ತು ಉಂಗುರದ ಮುಂಗುರಿ ಮಾತ್ರ ಸಲ್ಲುತ್ತವೆ. ಪೊಲೀಸರ ಮತ್ತು ಎನ್‌ಸಿಸಿಯ ಸಾಮಾನ್ಯ ರೈಫಲ್‌ಗಳಲ್ಲಿ ಇರುವುದು ಕಬ್ಬಿಣದ ಗುರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿತು. ಬೆಳೆ ಕಾಯಲೆಂದು ಪರವಾನಗಿ ಪಡೆದ ಕಲಘಟಗಿ, ಅಳ್ನಾವರ ಕಡೆಯ ರೈತರಲ್ಲಿ ಇರುವುದು ಹೆಚ್ಚಾಗಿ ನುಣುಪು ನಳಿಗೆಯ ಬಂದೂಕು. ಹೀಗಾಗಿ ಸ್ಕೋಪು ಉಳಿದಿರುವುದು ಕೆಲವು ಪರವಾನಗಿದಾರರ ಬಳಿ ಮತ್ತು ಮನೆಗಳಲ್ಲಿರುವ ಏರ್‌ಗನ್‌ಗಳ ಮೇಲೆ. ಆದರೂ ಸ್ಕೋಪಿನ ಗುಂಡಿಯನ್ನೇ (ಟರೆಟ್) ತಿರುಗಿಸಲಿ, ರಂಧ್ರಗುರಿಯ ಗುಂಡಿಯನ್ನೇ ತಿರುಗಿಸಲಿ, ತತ್ತ್ವ ಒಂದೇ.

ಹಿನ್ನೆಲೆ

ಗುರಿ ಹೊಂದಾಣಿಕೆಯ ಗೊಡವೆಯೇ ಇಲ್ಲದ ಫಿರಂಗಿ ಕೆಲಸದ ಒಂದು ಪ್ರಸಿದ್ಧ ವರ್ಣನೆ ಧಾರವಾಡದ್ದೇ. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಪರಶುರಾಮ ಭಾವೂನ ಮರಾಠಾ ಸೈನ್ಯವೂ ಕ್ಯಾಪ್ಟನ್ ಲಿಟ್ಲ್‌ನ ಕಂಪನಿ ತುಕಡಿಯೂ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ್ದವು. ಒಳಗಿದ್ದವನು ಟಿಪ್ಪುವಿನ ಸೇನಾನಿ ಬದ್ರುಜ್ಜಮಾನ್ ಖಾನ್. ಲಿಟ್ಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ಕಥನದಲ್ಲಿ ಮುತ್ತಿಗೆಯ ಮರಾಠಾ ಗೋಲಂದಾಜರ ಚಿತ್ರವಿದೆ. ತೋಪು ತುಂಬುವುದು, ಅರ್ಧ ತಾಸು ಕೂತು ಹರಟುತ್ತ ಹೊಗೆ ಸೇದುವುದು, ಹಾರಿಸುವುದು, ಗೋಡೆಯಿಂದ ದೊಡ್ಡ ಧೂಳೆದ್ದರೆ ಸಾಕೆಂದು ಮತ್ತೆ ತುಂಬಿ ಹೊಗೆಗೆ ಕೂರುವುದು. ಬರೆದವನಿಗೆ ತನ್ನ ಮೇಲರಿಮೆ ತೋರಿಸುವ ಚಪಲವೂ ಇತ್ತೆನ್ನುವುದನ್ನು ಮರೆಯಬೇಕಿಲ್ಲ. ಆದರೆ ಹಿಂದಿನ ಗುಂಡು ಬಿದ್ದ ಜಾಗ ನೋಡಿ ಮುಂದಿನದನ್ನು ಸರಿಪಡಿಸುವ ಶಿಸ್ತು ಅಲ್ಲಿರಲಿಲ್ಲ ಎಂಬುದನ್ನು ಅವನು ಸರಿಯಾಗಿಯೇ ಗುರುತಿಸಿದ್ದ.

1857ರ ದಂಗೆಯ ಹೊತ್ತಿಗೆ ಬಂದ .577 ಅಳತೆಯ ಎನ್‌ಫೀಲ್ಡ್ ರೈಫಲ್‌ನ ತೋಟಾದ ಕಥೆ ಎಲ್ಲರಿಗೂ ಗೊತ್ತು. ಅದರ ಹಿಂಗುರಿಯ ಕಥೆ ಅಷ್ಟು ಗೊತ್ತಿಲ್ಲ. ನಳಿಗೆಯೊಳಗೆ ತಿರುಚು ಗೆರೆಗಳಿದ್ದುದರಿಂದ ಅದರ ಗುಂಡು ನೂರಾರು ಗಜ ನೆಟ್ಟಗೆ ಹೋಗುತ್ತಿತ್ತು. ಅದಕ್ಕೆ ತಕ್ಕಂತೆ ದೂರದ ಅಂಕಿಗಳಿದ್ದ, ಏರಿಸಿ ಇಳಿಸುವ ಹಿಂಗುರಿ ಇತ್ತು. ಅದೇ ವರ್ಷದ ನಿಶ್ಶಸ್ತ್ರೀಕರಣದ ಹುಕುಮಿಗೆ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದರು. 1858ರಲ್ಲಿ, ಆಗ ಸಂಸ್ಥಾನವಾಗಿದ್ದ ನರಗುಂದದ ಬಾಬಾಸಾಹೇಬ ಬಂಡೆದ್ದ. ಇತ್ತ ಊರವರ ಆಯುಧಗಳು ಹೋದವು. ಅತ್ತ ದೇಶೀ ಸಿಪಾಯಿಗಳಿಗೆ ಎನ್‌ಫೀಲ್ಡ್ ಬದಲು 1858ರ ಮಾದರಿಯ ಮಸ್ಕೆಟ್ ಕೊಡತೊಡಗಿದರು. ಹೊರನೋಟಕ್ಕೆ ಅದೇ ಬಂದೂಕು. ಒಳಗೆ ನಳಿಗೆಯನ್ನು .656ಕ್ಕೆ ಕೊರೆದು ಗೆರೆಗಳನ್ನು ಅಳಿಸಲಾಗಿತ್ತು, ಏರಿಳಿಯುವ ಹಿಂಗುರಿಯ ಜಾಗದಲ್ಲಿ ಅಲುಗದ ಒಂದು ತುಂಡು ಕೂತಿತ್ತು. ಗುರಿ ಹೊಂದಿಸುವ ಸಾಧ್ಯತೆಯನ್ನೇ ಕಿತ್ತುಕೊಂಡ ಆಯುಧ ಅದು. ನಂಬದವನ ಕೈಗೆ ಬಂದೂಕು ಕೊಡಬಹುದು, ಝೀರೋ ಕೊಡಬಾರದು ಎಂಬ ಲೆಕ್ಕಾಚಾರ.

ತೋಟಾ ಬದಲಾದರೆ ಗುರಿಯನ್ನೂ ಬದಲಿಸಬೇಕೆಂಬುದು ಭಾರತದಲ್ಲಿ ಲಕ್ಷಗಟ್ಟಲೆ ರೈಫಲ್‌ಗಳ ಮೇಲೆ ಒಮ್ಮೆಗೇ ಸಾಬೀತಾದದ್ದು ‘ತ್ರೀ ನಾಟ್ ತ್ರೀ’ಯಲ್ಲಿ. .303ರ ಆರನೆಯ ಮಾದರಿಯ ತೋಟಾದಲ್ಲಿ ಮೊಂಡು ಮೂಗಿನ 215 ಗ್ರೇನ್ ಗುಂಡು, ವೇಗ ಸೆಕೆಂಡಿಗೆ ಸುಮಾರು 2060 ಅಡಿ. 1910ರಲ್ಲಿ ಬಂದ ಏಳನೆಯ ಮಾದರಿಯಲ್ಲಿ ಚೂಪು ಮೂಗಿನ 174 ಗ್ರೇನ್ ಗುಂಡು, ವೇಗ ಸುಮಾರು 2440 ಅಡಿ. ಇನ್ನೂರು ಗಜ ಕ್ರಮಿಸುವಷ್ಟರಲ್ಲಿ ಹಳೆಯದು ಹೊಸದಕ್ಕಿಂತ ಹದಿನೈದು ಸೆಂಟಿಮೀಟರಿನಷ್ಟು ಹೆಚ್ಚು ಇಳಿಯುತ್ತದೆಂದು ಲೆಕ್ಕ ಹೇಳುತ್ತದೆ. ದೂರ ಹೆಚ್ಚಿದಂತೆ ಅಂತರ ಇನ್ನೂ ಬೆಳೆಯುತ್ತದೆ. ಹೀಗಾಗಿ ಹಳೆಯ ರೈಫಲ್‌ಗಳ ಹಿಂಗುರಿಯ ಪಟ್ಟಿಗಳನ್ನೇ ಬದಲಿಸಿ, ಹೊಸ ತೋಟಾಕ್ಕೆ ಹೊಂದಿಸಿದ್ದೆಂದು ಗುರುತಿಸಲು ‘ಎಚ್‌ವಿ’ ಎಂಬ ಅಕ್ಷರ ಒತ್ತಿದರು. 1962ರ ಚೀನಾ ಯುದ್ಧದ ಬಳಿಕ ಇಛಾಪುರದ ರೈಫಲ್ ಕಾರ್ಖಾನೆ ಅದೇ ರೂಪದ ರೈಫಲ್ಲನ್ನು 7.62 ಮಿ.ಮೀ. ತೋಟಾಕ್ಕೆ ಮರುವಿನ್ಯಾಸ ಮಾಡಿದಾಗ ಮೊದಲಿನ 2ಎ ಮಾದರಿಯಲ್ಲಿ ಹಳೆಯ ಪದ್ಧತಿಯ, 2000ದವರೆಗೆ ಅಂಕಿಗಳಿದ್ದ ಹಿಂಗುರಿಯೇ ಉಳಿಯಿತು. ನಂತರದ 2ಎ1ರಲ್ಲಿ ಅದು 800ಕ್ಕೆ ಇಳಿಯಿತು. ಎರಡು ಸಾವಿರದಾಚೆಗಿನ ಗುರಿ ಯಾವ ಸಿಪಾಯಿಯ ಕಣ್ಣಿಗೂ ನಿಲುಕುವಂಥದ್ದಲ್ಲ. ಇಳಿಸಿದ್ದು ವಿವೇಕದ ಕೆಲಸವೇ.

ಹೊಂದಾಣಿಕೆಯ ಕ್ರಮ

ಗುಂಡು ನೆಟ್ಟಗೆ ಹೋಗುತ್ತದೆಂಬ ಭ್ರಮೆಯನ್ನು ಮೊದಲು ಬಿಡಬೇಕು. ನಳಿಗೆಯ ಬಾಯಿ ಬಿಟ್ಟ ಕ್ಷಣದಿಂದಲೇ ಅದು ಬೀಳತೊಡಗುತ್ತದೆ. ಹೀಗಾಗಿ ನಳಿಗೆ ನೋಟದ ಗೆರೆಗಿಂತ ತುಸು ಮೇಲ್ಮುಖವಾಗಿರುತ್ತದೆ. ಕೆಳಗಿನಿಂದ ಹೊರಟ ಗುಂಡು ನೋಟದ ಗೆರೆಯನ್ನು ಒಮ್ಮೆ ದಾಟಿ ಮೇಲೇರಿ, ಮುಂದೆ ಇನ್ನೊಮ್ಮೆ ದಾಟಿ ಇಳಿಯುತ್ತದೆ. ನಳಿಗೆಯಿಂದ 4 ಸೆಂ.ಮೀ. ಎತ್ತರದಲ್ಲಿ ಸ್ಕೋಪ್ ಇರುವ ಸಾಧಾರಣ .22 ರೈಫಲ್ಲನ್ನು 50 ಮೀಟರಿಗೆ ಝೀರೋ ಮಾಡಿದರೆ, 10 ಮೀಟರಿನಲ್ಲಿ ಗುಂಡು ಒಂದು ಸೆಂಟಿಮೀಟರಿನಷ್ಟು ಕೆಳಗೂ, 25 ಮೀಟರಿನಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮೇಲಕ್ಕೂ ತಾಗುತ್ತದೆ. ಎನ್‌ಸಿಸಿ ಕೈಪಿಡಿಯಲ್ಲಿ .22 ರೈಫಲ್‌ನ ಪರಿಣಾಮಕಾರಿ ದೂರ 25 ಗಜವೆಂದಿದೆ. ಐವತ್ತಕ್ಕೆ ಹೊಂದಿಸಿದ ರೈಫಲ್ ಅಂಥ ಶಿಬಿರಕ್ಕೆ ಬಂದರೆ ಕೆಡೆಟ್ಟುಗಳ ಗುಂಡೆಲ್ಲ ಮೇಲೆ ಹೋಗುವುದು ಇದೇ ಕಾರಣಕ್ಕೆ.

ಕ್ರಮ ಸರಳ. ರೈಫಲ್ಲನ್ನು ಮರಳುಚೀಲದ ಮೇಲೆ ಒರಗಿಸಿ, ಗುರಿಹಲಗೆಯ ಒಂದೇ ಬಿಂದುವಿಗೆ ಗುರಿಯಿಟ್ಟು ಐದು ಗುಂಡು ಹಾರಿಸಬೇಕು. ನಡುನಡುವೆ ಗುಂಡಿ ಮುಟ್ಟಬಾರದು. ಐದು ತೂತುಗಳು ಒಂದೆಡೆ ಕೂಡಿದರೆ ಅದು ‘ಗ್ರೂಪ್’. ಆ ಗುಂಪಿನ ನಟ್ಟನಡುವನ್ನು ಗುರುತಿಸಿ, ಅದು ಬೇಕಾದ ಬಿಂದುವಿನಿಂದ ಎಷ್ಟು ಕೆಳಗೆ, ಎಷ್ಟು ಪಕ್ಕಕ್ಕೆ ಎಂದು ಅಳೆಯಬೇಕು. ಗುಂಪು ಚದುರಿದ್ದರೆ ಅಳೆಯುವುದೇ ವ್ಯರ್ಥ. ಮೊದಲು ಹೊಡೆಯುವವನ ಉಸಿರು, ಟ್ರಿಗರು ನೆಟ್ಟಗಾಗಬೇಕು. ಕವಾಯತಿನ ಉಸ್ತಾದರು ‘ಮೊದಲು ಗ್ರೂಪಿಂಗ್, ಆಮೇಲೆ ಝೀರೋಯಿಂಗ್’ ಎಂದು ಪಟ್ಟು ಹಿಡಿಯುವುದರ ಅರ್ಥ ಇದೇ. ಒಂದೇ ಗುಂಡು ಹಾರಿಸಿ ಅದರ ಬೆನ್ನುಹತ್ತಿ ಗುಂಡಿ ತಿರುಗಿಸುವವನು ತೋಟಾ ಖಾಲಿಯಾಗುವವರೆಗೂ ಅದನ್ನೇ ಮಾಡುತ್ತಿರುತ್ತಾನೆ.

ತಿದ್ದುಪಡಿಯ ಲೆಕ್ಕ ಕೋನದ್ದು. ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ, ಅಂದರೆ ಒಂದು ‘ಮಿನಿಟ್’, 100 ಮೀಟರಿನಲ್ಲಿ ಸುಮಾರು 29 ಮಿ.ಮೀ. ಆಗುತ್ತದೆ. ಬಹುತೇಕ ಸ್ಕೋಪ್‌ಗಳಲ್ಲಿ ಗುಂಡಿಯ ಒಂದು ‘ಟಿಕ್’ ಅಂದರೆ ಕಾಲು ಮಿನಿಟ್: 100 ಮೀಟರಿನಲ್ಲಿ 7.3 ಮಿ.ಮೀ., 50ರಲ್ಲಿ 3.6. ಐವತ್ತು ಮೀಟರಿನಲ್ಲಿ ಗುಂಪು 22 ಮಿ.ಮೀ. ಕೆಳಗೆ, 11 ಮಿ.ಮೀ. ಬಲಕ್ಕೆ ಬಿದ್ದಿದ್ದರೆ ಆರು ಟಿಕ್ ಮೇಲಕ್ಕೆ, ಮೂರು ಟಿಕ್ ಎಡಕ್ಕೆ. ಮತ್ತೆ ಐದು ಗುಂಡು, ಖಾತ್ರಿಗೆ ಇನ್ನೈದು. ಏರ್‌ಗನ್ ಮೇಲೆ ಸ್ಕೋಪ್ ಕೂರಿಸಿದವರು ಇಲ್ಲಿ ಎಡವುತ್ತಾರೆ. ಹತ್ತು ಮೀಟರಿನಲ್ಲಿ ಒಂದು ಟಿಕ್ಕಿಗೆ ಗುಂಡು ಸರಿಯುವುದು ಒಂದು ಮಿಲಿಮೀಟರೂ ಅಲ್ಲ. ಮೂರು ಸೆಂಟಿಮೀಟರ್ ಸರಿಸಲು ನಲವತ್ತು ಟಿಕ್ ಬೇಕು. ನಾಲ್ಕು ಟಿಕ್ ತಿರುಗಿಸಿ ‘ಸ್ಕೋಪೇ ಕೆಟ್ಟಿದೆ’ ಎನ್ನುವುದು ಸಾಮಾನ್ಯ. ಸ್ಪ್ರಿಂಗ್ ಏರ್‌ಗನ್‌ಗಳ ಹಿಂದೆ ಮುಂದೆ ಎರಡೂ ಕಡೆಯ ಒದೆತಕ್ಕೆ ಅಗ್ಗದ ಸ್ಕೋಪುಗಳು ನಿಜವಾಗಿಯೂ ಕೆಡುವುದುಂಟು ಎಂಬುದು ಬೇರೆ ಮಾತು.

ತೋಟಾ ಬದಲಾದಾಗ

.22 ತೋಟಾವನ್ನೇ ನೋಡೋಣ. ಡಬ್ಬದ ಮೇಲೆ ಒಂದೇ ಹೆಸರು, ಒಂದೇ 40 ಗ್ರೇನ್ ಸೀಸದ ಗುಂಡು. ಆದರೆ ಸಾಮಾನ್ಯ ವೇಗದ್ದು ಸೆಕೆಂಡಿಗೆ 325 ಮೀಟರಿನ ಆಸುಪಾಸು, ಹೆಚ್ಚು ವೇಗದ್ದು 380ರ ಆಸುಪಾಸು. 50 ಮೀಟರ್ ಮುಟ್ಟುವ ಹೊತ್ತಿಗೆ ಮೊದಲನೆಯದು ಹನ್ನೆರಡು–ಹದಿಮೂರು ಸೆಂಟಿಮೀಟರ್ ಬಿದ್ದಿರುತ್ತದೆ, ಎರಡನೆಯದು ಒಂಬತ್ತು–ಹತ್ತು. ವ್ಯತ್ಯಾಸ ಸುಮಾರು 3 ಸೆಂಟಿಮೀಟರ್. ಐವತ್ತು ಮೀಟರಿನ ಸ್ಪರ್ಧಾ ಗುರಿಯಲ್ಲಿ ಹತ್ತಂಕದ ವೃತ್ತದ ಅಗಲವೇ 10.4 ಮಿ.ಮೀ., ಅಲ್ಲಿಂದ ಪ್ರತಿ ಅಂಕಕ್ಕೆ 8 ಮಿ.ಮೀ. ಹೊರಗೆ. ಸಾಮಾನ್ಯ ತೋಟಾಕ್ಕೆ ಹೊಂದಿಸಿದ ರೈಫಲ್ಲಿಗೆ ಹೆಚ್ಚು ವೇಗದ್ದನ್ನು ತುಂಬಿ ಹೊಡೆದರೆ ಹತ್ತು ಆಗಬೇಕಿದ್ದ ಹೊಡೆತ ಏಳಾಗುತ್ತದೆ.

ಹಾಗಾದರೆ ವೇಗದ್ದನ್ನೇ ತುಂಬಿ ಅದಕ್ಕೇ ಝೀರೋ ಮಾಡಿಕೊಂಡರಾಯಿತಲ್ಲ? ಇಲ್ಲೊಂದು ವಿಚಿತ್ರವಿದೆ. ಶಬ್ದದ ವೇಗದ (ಬೆಚ್ಚಗಿನ ಹವೆಯಲ್ಲಿ ಸೆಕೆಂಡಿಗೆ 345–355 ಮೀಟರ್) ಆಚೆಗೆ ಹೋದ .22 ಗುಂಡಿನ ಮೇಲೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಅಡ್ಡಗಾಳಿ ಗುಂಡನ್ನು ಸರಿಸುವುದು ಅದರ ಪಯಣದ ಒಟ್ಟು ಸಮಯಕ್ಕೆ ತಕ್ಕಂತಲ್ಲ, ತಡೆಯಿಂದಾಗಿ ಕಳೆದುಕೊಂಡ ಸಮಯಕ್ಕೆ ತಕ್ಕಂತೆ. ಸೆಕೆಂಡಿಗೆ 3 ಮೀಟರಿನ ಅಡ್ಡಗಾಳಿಯಲ್ಲಿ ಸಾಮಾನ್ಯ ವೇಗದ್ದು 50 ಮೀಟರಿನಲ್ಲಿ 2 ಸೆಂಟಿಮೀಟರಿನಷ್ಟು ಸರಿದರೆ, ಹೆಚ್ಚು ವೇಗದ್ದು ಅದಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚೇ ಸರಿಯುತ್ತದೆ. ಸ್ಪರ್ಧಿಗಳು ಎಲಿ, ಆರ್‌ಡಬ್ಲ್ಯೂಎಸ್, ಲಪುವಾ ಕಂಪನಿಗಳ ನಿಧಾನಗತಿಯ ತೋಟಾವನ್ನೇ ನೆಚ್ಚುವುದು ಇದಕ್ಕೆ. ಮಲೆನಾಡಿನ ಅಂಚಿನಲ್ಲಿ ಕೂತ ಧಾರವಾಡಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಿಡದೆ ಬೀಸುತ್ತದೆ. ಬಯಲಿನಲ್ಲಿ ಆ ದಿನಗಳಲ್ಲಿ ಮಾಡಿದ ಎಡ–ಬಲದ ಝೀರೋವನ್ನು ನಂಬುವಂತಿಲ್ಲ. ಗಾಳಿ ನಿಂತ ನಸುಕಿನಲ್ಲಿ ಮಾಡಿದ್ದೇ ಸರಿಯಾದ ಝೀರೋ, ಉಳಿದದ್ದು ಆ ಹೊತ್ತಿನ ತಿದ್ದುಪಡಿ.

ಮೇಲಿನ ಲೆಕ್ಕವೆಲ್ಲ ಗುರುತ್ವಾಕರ್ಷಣೆಯದು. ತೋಟಾ ಬದಲಾದಾಗ ಅದಕ್ಕಿಂತ ಹೆಚ್ಚು ಕಾಡುವುದು ನಳಿಗೆಯ ಕಂಪನ. ಮದ್ದು ಉರಿದಾಗ ನಳಿಗೆ ಅದುರುತ್ತದೆ. ಗುಂಡು ಬಾಯಿಗೆ ಬರುವ ಆ ಕ್ಷಣದಲ್ಲಿ ಅದು ಯಾವ ಕಡೆ ಬಾಗಿತ್ತೋ ಆ ಕಡೆ ಗುಂಡು ಹೋಗುತ್ತದೆ. .30-06 ರೈಫಲ್ಲಿನಲ್ಲಿ 150 ಗ್ರೇನ್ ಗುಂಡಿಗೂ 180 ಗ್ರೇನ್ ಗುಂಡಿಗೂ 100 ಮೀಟರಿನಲ್ಲಿ ಬೀಳುವಿಕೆಯ ವ್ಯತ್ಯಾಸ ಒಂದು ಸೆಂಟಿಮೀಟರಿನಷ್ಟೇ. ಆದರೆ ಹಲಗೆಯ ಮೇಲೆ ಎರಡು ಗುಂಪುಗಳ ನಡುವೆ ಹಲವು ಸೆಂಟಿಮೀಟರ್ ಅಂತರ ಕಂಡರೆ ಅಚ್ಚರಿಪಡಬೇಕಿಲ್ಲ, ಅದೂ ಒಮ್ಮೊಮ್ಮೆ ಪಕ್ಕಕ್ಕೆ. ಮೊಬೈಲ್‌ನಲ್ಲಿ ಸಿಗುವ ಬ್ಯಾಲಿಸ್ಟಿಕ್ಸ್ ಲೆಕ್ಕಪಟ್ಟಿಗೆ ಇದು ತಿಳಿಯುವುದಿಲ್ಲ. ಒಂದು ತೋಟಾಕ್ಕೆ ಝೀರೋ ಆದ ಮೇಲೆ ಇನ್ನೊಂದರ ಐದು ಗುಂಡು ಹಾರಿಸಿ ಅಂತರವನ್ನು ಟಿಕ್‌ಗಳಲ್ಲಿ ಬರೆದಿಟ್ಟುಕೊಳ್ಳುವುದೊಂದೇ ದಾರಿ. ಭಾರತದಲ್ಲಿ ನಾಗರಿಕರಿಗೆಂದು ಆರ್ಡ್‌ನನ್ಸ್ ಕಾರ್ಖಾನೆಗಳು ತಯಾರಿಸುತ್ತ ಬಂದ .315 ರೈಫಲ್ಲಿಗೆ ಈ ತಾಪತ್ರಯ ಕಡಿಮೆ. ಅದಕ್ಕೆ ದೊರೆಯುವ ತೋಟಾದ ಬಗೆಯೇ ಹೆಚ್ಚಿಲ್ಲ!

ತೋಟಾ ಒಂದೇ ಕಂಪನಿಯದಾದರೂ ಲಾಟ್ (ಒಮ್ಮೆಗೆ ತಯಾರಾದ ಕಂತು) ಬದಲಾದರೆ ಗುಂಪು ಸರಿಯಬಹುದು, ಹಿಗ್ಗಲೂಬಹುದು. ದೊಡ್ಡ ಸ್ಪರ್ಧಿಗಳು ಯುರೋಪಿನ ಪರೀಕ್ಷಾ ರೇಂಜುಗಳಿಗೆ ತಮ್ಮ ನಳಿಗೆಯನ್ನು ಒಯ್ದು, ಒಪ್ಪುವ ಲಾಟ್ ಆರಿಸಿ ಇಡೀ ವರ್ಷಕ್ಕಾಗುವಷ್ಟು ಕೊಳ್ಳುತ್ತಾರೆ. .22 ಗುಂಡಿನ ಮೇಲಿನ ಮೇಣ ಕಂಪನಿಯಿಂದ ಕಂಪನಿಗೆ ಬೇರೆ. ಬೇರೆ ಕಂಪನಿಯ ಡಬ್ಬ ಒಡೆದ ಮೇಲೆ ಮೊದಲ ಹತ್ತಿಪ್ಪತ್ತು ಗುಂಡು ನಳಿಗೆಗೆ ಆ ಮೇಣ ಹತ್ತಿಸಲೆಂದೇ ಹೋಗುತ್ತವೆ. ಅಷ್ಟಾಗುವ ಮುನ್ನ ಗುಂಡಿ ಮುಟ್ಟುವುದು ಆತುರದವರ ಲಕ್ಷಣ.

ಹವೆಯ ಪಾತ್ರ ಇಲ್ಲಿ ಸಣ್ಣದು. ಹುಬ್ಬಳ್ಳಿ–ಧಾರವಾಡ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 650–750 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಸಾಂದ್ರತೆ ಕರಾವಳಿಗಿಂತ ನೂರಕ್ಕೆ ಆರೇಳು ಪಾಲು ಕಡಿಮೆ. ಕಾರವಾರದಲ್ಲಿ ಹೊಂದಿಸಿ ಇಲ್ಲಿಗೆ ತಂದ .22 ರೈಫಲ್ಲಿನಲ್ಲಿ 50 ಮೀಟರಿಗೆ ಇದು ಗೊತ್ತೂ ಆಗದು. ಬಿಸಿಲಿಗೆ ಕಾದ ಮದ್ದು ತುಸು ಚುರುಕಾಗಿ ಉರಿಯುತ್ತದೆ, ಹಾಗಾಗಿ ಏಪ್ರಿಲ್ ಮಧ್ಯಾಹ್ನ ತೋಟಾ ಡಬ್ಬವನ್ನು ನೆರಳಿನಲ್ಲಿಟ್ಟರೆ ಸಾಕು.

ಹತ್ತು ಮೀಟರಿನ ರೇಂಜ್

ಅವಳಿ ನಗರದಲ್ಲಿ ಈ ವಿದ್ಯೆ ನಿಜವಾಗಿ ಬೆಳೆದಿರುವುದು ಒಳಾಂಗಣದ ಹತ್ತು ಮೀಟರಿನಲ್ಲಿ. ಹುಬ್ಬಳ್ಳಿ ಸ್ಪೋರ್ಟ್ಸ್ ಶೂಟಿಂಗ್ ಅಕಾಡೆಮಿಯಂಥ ಕಡೆ ಶಾಲೆ ಬಿಟ್ಟು ಬಂದ ಮಕ್ಕಳು ಏರ್ ರೈಫಲ್ ಹಿಡಿದು ನಿಲ್ಲುತ್ತಾರೆ. ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ ರಾಮಕೃಷ್ಣ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎಸ್‌ಎಚ್‌2 ವರ್ಗದ ಏರ್ ರೈಫಲ್ ಸ್ಪರ್ಧೆಗಳಲ್ಲಿ ಭಾರತದ ಪರ ಆಡಿದರು. ರೈಫಲ್ಲಿನ ಭಾರವನ್ನು ತೋಳಿನಲ್ಲಿ ಹೊರಲಾಗದವರ ವರ್ಗ ಅದು. ಸ್ಪ್ರಿಂಗ್ ಮೇಲೆ ನಿಂತ ಆಧಾರ ರೈಫಲ್ಲನ್ನು ಹೊರುತ್ತದೆ, ಪೆಲೆಟ್ ತುಂಬಲು ಸಹಾಯಕರು ಇರಬಹುದು. ‘ಸ್ಟ್ಯಾಂಡಿಂಗ್’ ಸ್ಪರ್ಧೆಯಲ್ಲಿ ಮೊಣಕೈ ಮೇಜಿಗೆ ತಾಗುವಂತಿಲ್ಲ, ‘ಪ್ರೋನ್’ನಲ್ಲಿ ಊರಬಹುದು. ಭುಜಕ್ಕೆ ರೈಫಲ್ ಕೂರುವ ರೀತಿ ಎರಡರಲ್ಲೂ ಬೇರೆಯಾದ್ದರಿಂದ ಝೀರೋ ಕೂಡ ಬೇರೆ. ಐವತ್ತು ಮೀಟರಿನ ಮೂರು ಭಂಗಿಯ ಸ್ಪರ್ಧೆಯಲ್ಲೂ ಹೀಗೆಯೇ. ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ ಒಬ್ಬನೇ ಸ್ಪರ್ಧಿಗೆ ಮೂರು ಝೀರೋ ಇರುತ್ತವೆ.

ಹತ್ತು ಮೀಟರಿನ ಸ್ಪರ್ಧೆಯಲ್ಲಿ ಹತ್ತಂಕ ಎಂಬುದು ಅರ್ಧ ಮಿಲಿಮೀಟರಿನ ಚುಕ್ಕೆ, ಅಂಕದಿಂದ ಅಂಕಕ್ಕೆ 2.5 ಮಿ.ಮೀ. ಪೆಲೆಟ್ಟಿನ ತೂಕ ಅರ್ಧ ಗ್ರಾಂ, ವೇಗ ಸೆಕೆಂಡಿಗೆ 170 ಮೀಟರಿನ ಸುತ್ತಮುತ್ತ. ಸಿಲಿಂಡರಿನ ಒತ್ತಡ ಕುಗ್ಗಿಯೋ ಬೇರೆ ತೂಕದ ಪೆಲೆಟ್ ಹಾಕಿಯೋ ವೇಗ 160ಕ್ಕೆ ಇಳಿದರೆ ಹೊಡೆತ ಸುಮಾರು 2 ಮಿ.ಮೀ. ಕೆಳಗೆ ಬೀಳುತ್ತದೆ, ಬಹುತೇಕ ಒಂದು ಪೂರ್ತಿ ಅಂಕ. ದಶಾಂಶದಲ್ಲಿ ಅಂಕ ಎಣಿಸುವ ಸ್ಪರ್ಧೆಯಲ್ಲಿ ಸೋಲಲು ಅಷ್ಟು ಸಾಕು. ಪೆಲೆಟ್ ಡಬ್ಬಗಳ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ನಮೂದಾಗಿರುತ್ತದೆ. ರೈಫಲ್ಲನ್ನು ಇಕ್ಕಳದಲ್ಲಿ ಬಿಗಿದು ಪ್ರತಿ ಅಳತೆಯ ಪೆಲೆಟ್ಟುಗಳನ್ನು ಹಾರಿಸಿ, ಯಾವುದರ ತೂತುಗಳು ಒಂದೇ ತೂತೆಂಬಂತೆ ಕೂಡುತ್ತವೋ ಅದನ್ನು ಇಟ್ಟುಕೊಳ್ಳುತ್ತಾರೆ. ಬಾಯಿ ಚಪ್ಪಟೆಯಾದ, ಬುಡ ಸೊಟ್ಟಗಾದ ಪೆಲೆಟ್ಟುಗಳನ್ನು ಮಕ್ಕಳೇ ಬೆರಳಲ್ಲಿ ಹೊರಳಿಸಿ ನೋಡಿ ಆರಿಸಿ ತೆಗೆಯುತ್ತಾರೆ.

ಸ್ಪರ್ಧೆಯ ಅಂಕದ ಹೊಡೆತಗಳಿಗೆ ಮುನ್ನ ‘ಸೈಟರ್’ ಎಂಬ ಲೆಕ್ಕವಿಲ್ಲದ ಹೊಡೆತಗಳಿಗೆ ಸಮಯ ಕೊಡುತ್ತಾರೆ. ಅಂದಿನ ಬೆಳಕು, ಅಂದಿನ ದೇಹಕ್ಕೆ ತಕ್ಕಂತೆ ಝೀರೋವನ್ನು ಮತ್ತೆ ತಿದ್ದಿಕೊಳ್ಳುವುದಕ್ಕೆ ಇರುವ ಅವಕಾಶ ಅದು.

ಕಾನೂನು ಮತ್ತು ಮಿತಿ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಅಳತೆಯ, 20 ಜೂಲ್ ಮೀರದ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಉಳಿದದ್ದಕ್ಕೆಲ್ಲ 1959ರ ಕಾಯ್ದೆಯ ಪರವಾನಗಿ ಬೇಕೇ ಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೇರಿದೆ. ಚುನಾವಣೆ ಬಂತೆಂದರೆ ಬಂದೂಕು ಠಾಣೆ ಸೇರುತ್ತದೆ. ಮರಳಿ ಕೈಗೆ ಬಂದಾಗ ಗುರಿ ಹಾಗೆಯೇ ಉಳಿದಿದೆಯೇ ಎಂದು ಪರೀಕ್ಷಿಸಿದವರು ವಿರಳ. ಕೊಡಗಿನ ಸ್ಥಿತಿ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ. ತನ್ನ ಕೋವಿಗೆ ಯಾವ ತೋಟಾ ಒಗ್ಗುತ್ತದೆಂಬ ಅರಿವು ಅಲ್ಲಿ ಮನೆಮನೆಯಲ್ಲಿದೆ.

ಧಾರವಾಡದ ಕಡೆ ಆ ಅರಿವಿಗೆ ಅಡ್ಡಿ ತೋಟಾದ ಲೆಕ್ಕ. ಒಂದು ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂಬುದು ಪರವಾನಗಿ ಪುಸ್ತಕದಲ್ಲೇ ನಮೂದಾಗಿರುತ್ತದೆ. ಕ್ರಮಬದ್ಧವಾಗಿ ಒಮ್ಮೆ ಝೀರೋ ಮಾಡಲು ಹದಿನೈದಿಪ್ಪತ್ತು ತೋಟಾ, ಎರಡನೆಯ ಬಗೆಯದಕ್ಕೂ ಮಾಡಿದರೆ ಇನ್ನಷ್ಟು ಖರ್ಚಾಗುತ್ತದೆ. ಹೊಲದಲ್ಲಿ ಹಾರಿಸಿ ನೋಡೋಣವೆಂದರೆ ಅಪರಾಧ. ಅದಕ್ಕೆ ಹಿಂದೆ ಮಣ್ಣಿನ ದಿಬ್ಬವಿರುವ, ಅನುಮತಿ ಪಡೆದ ರೇಂಜೇ ಬೇಕು. ರಾಜ್ಯ ಪೊಲೀಸರು ಜಿಲ್ಲೆಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಹಿಡಿಯುವುದು, ತುಂಬುವುದು, ಹಾರಿಸುವುದನ್ನು ಕಲಿಸುತ್ತವೆ. ಶಿಬಿರಾರ್ಥಿಯ ಪಾಲಿಗೆ ಬರುವ ಕೆಲವೇ ತೋಟಾಗಳಲ್ಲಿ ಅದಕ್ಕಿಂತ ಹೆಚ್ಚು ಆಗುವುದೂ ಇಲ್ಲ. ಪರಿಣಾಮವಾಗಿ ಎಷ್ಟೋ ಪರವಾನಗಿ ರೈಫಲ್‌ಗಳು ಕಾರ್ಖಾನೆಯಲ್ಲೋ ಹಿಂದಿನ ಮಾಲೀಕರ ಕೈಯಲ್ಲೋ, ಎಂದೋ ಒಂದು ತೋಟಾಕ್ಕೆ ಹೊಂದಿಸಿದ ಗುರಿಯಲ್ಲೇ ಉಳಿದಿರುತ್ತವೆ, ಅಂಗಡಿಯಲ್ಲಿ ಸಿಕ್ಕ ಬೇರೆ ತೋಟಾ ತುಂಬಿಕೊಂಡು.